ನಲ್ಲಿ ತೆಗೆಯದಿದ್ದರೆ ಪ್ರೆಷರ್ ಚೆನ್ನಾಗಿದೆ

ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ. ದಾಟಿ ಮಳೆ ಹೊಡೆಯುತ್ತದೆ. ಆ ಸೀಮೆಯ ಗ್ರಾಮಸಭೆಯಲ್ಲೂ ಮೊದಲ ದೂರು ನಲ್ಲಿಯದ್ದೇ: ನೀರು ಬರ್ತಿಲ್ಲ. ಉತ್ತರ ಸಿದ್ಧವಿರುತ್ತದೆ: "ಪ್ರೆಷರ್ ಇದೆ, ಚೆಕ್ ಮಾಡಿದೀವಲ್ಲ."

ಚೆಕ್ ಮಾಡಿದ್ದು ಸುಳ್ಳಲ್ಲ. ಟ್ಯಾಂಕ್ ಇರುವುದು ಗುಡ್ಡದ ಮೇಲೆ, ಊರಿಗಿಂತ 50 ಮೀಟರ್ ಎತ್ತರದಲ್ಲಿ. ಕೊನೆಯ ಮನೆಯ ಲೈನಿಗೆ ಒತ್ತಡ ಅಳೆಯುವ ಗೇಜ್ ತಿರುಪಿದರೆ ಮುಳ್ಳು ಠೀವಿಯಿಂದ ಏರಿ 5 ಕೆ.ಜಿ. (ಅಂದರೆ ಚದರ ಸೆಂಟಿಮೀಟರಿಗೆ 5 ಕೆ.ಜಿ. ಒತ್ತಡ) ಹತ್ತಿರ ನಿಲ್ಲುತ್ತದೆ. 10 ಮೀಟರಿಗೆ ಒಂದು ಕೆ.ಜಿ., ಲೆಕ್ಕ ಸರಿ. ಫೋಟೊ ತೆಗೆದು ಅಪ್‌ಲೋಡ್ ಮಾಡಿದ್ದೂ ಆಯಿತು. ಆಮೇಲೆ ಯಾರೋ ನಲ್ಲಿ ತಿರುಗಿಸಿದರು, ಮುಳ್ಳು ಸೊನ್ನೆಯ ಪಕ್ಕ ಹೋಗಿ ಮಲಗಿತು. ಆ ಫೋಟೊ ಹಾಕಲು ಫಾರಂನಲ್ಲಿ ಕಾಲಂ ಇಲ್ಲ.

ನಿಂತ ನೀರಿಗೆ ಎತ್ತರ ಮಾತ್ರ ಗೊತ್ತು, ಪೈಪಿನ ದಪ್ಪ ಗೊತ್ತಿಲ್ಲ. ಸಲೈನ್ ಟ್ಯೂಬನ್ನೇ ಗುಡ್ಡದಿಂದ ಇಳಿಸಿದರೂ ಮುಚ್ಚಿದ ನಲ್ಲಿಯಲ್ಲಿ ಅದೇ 5 ಕೆ.ಜಿ. ತೋರಿಸುತ್ತದೆ. ನೀರು ಹೊರಟ ಮೇಲೆಯೇ ಪೈಪಿನ ಗೋಡೆ ಮಾರುದ್ದಕ್ಕೊಮ್ಮೆ ಸುಂಕ ಎತ್ತಲು ಶುರುಮಾಡುವುದು.

ಸಭೆ ಪರಿಹಾರವನ್ನೂ ಕಂಡುಹಿಡಿಯಿತು. ಎರಡಿಂಚಿನ ಮೇನ್ ಲೈನ್ ಕಿತ್ತು ಒಂದಿಂಚಿನದು ಹಾಕುವುದು, "ಸಣ್ಣ ಮಾಡಿದ್ರೆ ಫೋರ್ಸ್ ಬರುತ್ತೆ." ಸಾಕ್ಷಿ? ಗಾರ್ಡನ್ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ನೋಡಿ!

ಹೆಬ್ಬೆರಳಿನ ಮಾತು ನಿಜ, ಆದರೆ ಅರ್ಧ. ಬೆರಳು ಒತ್ತಿದಾಗ ಹೊರಬೀಳುವ ನೀರು ಕಡಿಮೆಯಾಗುತ್ತದೆ. ಹರಿವು ಕಡಿಮೆಯಾದ್ದರಿಂದ ಹಿಂದಿನ ಪೈಪಿನಲ್ಲಿ ತಿಕ್ಕಾಟವೂ ಕಡಿಮೆ. ಹಾಗಾಗಿ ಟ್ಯಾಂಕಿನ ಒತ್ತಡ ಬೆರಳಿನವರೆಗೂ ಉಳಿದು ಬಂದು, ಆ ಸಂದಿಯಲ್ಲಿ ವೇಗದ ರೂಪ ತಾಳುತ್ತದೆ. ನೀರು ದೂರ ಚಿಮ್ಮುತ್ತದೆ, ಬಕೆಟ್ ಮಾತ್ರ ತಡವಾಗಿ ತುಂಬುತ್ತದೆ. ಬೆರಳಾದರೋ ತುದಿಯಲ್ಲಿ ಎರಡು ಸೆಂಟಿಮೀಟರ್. ಸಭೆ ಮಂಜೂರು ಮಾಡಿದ್ದು ಒಂದು ಕಿಲೋಮೀಟರ್ ಉದ್ದದ ಹೆಬ್ಬೆರಳು.

ವ್ಯಾಸ ಅರ್ಧಕ್ಕಿಳಿದರೆ ಅಷ್ಟೇ ನೀರು ದಾಟಿಸಲು ವೇಗ ನಾಲ್ಕು ಪಟ್ಟಾಗಬೇಕು, ಘರ್ಷಣೆಗೆ ತೆರುವ ಒತ್ತಡ ಸುಮಾರು 32 ಪಟ್ಟು. ಟ್ಯಾಂಕ್ ಅಷ್ಟು ಎಲ್ಲಿಂದ ತಂದೀತು? ಹರಿವನ್ನೇ ಕಡಿತ ಮಾಡುತ್ತದೆ. ಒಂದು ಕಿಲೋಮೀಟರ್ ಲೈನು, 50 ಮೀಟರ್ ಇಳಿಜಾರು: ಎರಡಿಂಚಿನಲ್ಲಿ ನಿಮಿಷಕ್ಕೆ ಹೆಚ್ಚುಕಡಿಮೆ 175 ಲೀಟರ್ ಬಂದರೆ ಒಂದಿಂಚಿನಲ್ಲಿ 30 ಬಂದರೆ ಪುಣ್ಯ. 40 ಮನೆಗೆ ಹಂಚಿ, ದಿನಕ್ಕೊಂದು ಗಂಟೆ ಬಿಡಿ. ಮನೆಗೆ ಸಿಗುವುದು 45 ಲೀಟರ್. ಜಲಜೀವನ್ ಮಿಷನ್ ಒಂದು ತಲೆಗೇ 55 ಎಂದಿದೆ. ಹಳೇ ಪೈಪಿನಲ್ಲೇ ಮನೆಗೆ 260 ಬರಬಹುದಿತ್ತು, ಗುಡ್ಡದ ದಿಬ್ಬದಲ್ಲಿ ಗಾಳಿ ಕಟ್ಟಿ ನೀರಿಗೆ ಅಡ್ಡ ನಿಲ್ಲದಂತೆ ಅದನ್ನು ಹೊರಬಿಡುವ ಒಂದು ಏರ್ ವಾಲ್ವ್ ಕೂರಿಸಿದ್ದರೆ.

ಪೈಪ್ ಕಿರಿದಾದಲ್ಲಿ ವೇಗ ಏರುತ್ತದೆ, ಒತ್ತಡ ಇಳಿಯುತ್ತದೆ ಎಂದು ಡೇನಿಯಲ್ ಬರ್ನೂಲಿ ಬರೆದದ್ದು 1738ರಲ್ಲಿ. ಕಚೇರಿಯಲ್ಲಿ ಅದಿನ್ನೂ ಇನ್‌ವರ್ಡ್ ಆಗಿಲ್ಲ.

ತಮಾಷೆಯೆಂದರೆ ನಿರ್ಣಯಕ್ಕೆ ಕೈಯೆತ್ತಿದವರಲ್ಲಿ ಅರ್ಧ ಜನ ಅಡಿಕೆ ತೋಟದವರು. ಎಲ್ಲ ಸ್ಪ್ರಿಂಕ್ಲರ್ ಒಟ್ಟಿಗೆ ಬಿಟ್ಟರೆ ಒಂದೂ ತಿರುಗುವುದಿಲ್ಲವೆಂದು ಗೇಟ್ ವಾಲ್ವ್ ಹಾಕಿ ಪಾಳಿಯಲ್ಲಿ ನೀರು ಬಿಡುವವರು. ಮೇನ್ ಲೈನ್ ಸಣ್ಣದು ಮಾಡೋಣವೆಂದು ಅವರ ತೋಟದಲ್ಲಿ ಹೇಳಿ ನೋಡಿ, ಕತ್ತಿ ಹಿಡಿದು ಅಟ್ಟಿಸಿಕೊಂಡು ಬರುತ್ತಾರೆ.

ಹೊಸ ಪೈಪ್ ಬಂತು. ಮೇಲಿನ ಕೇರಿಯವರು ಲೈನಿಗೇ ಅರ್ಧ ಎಚ್‌ಪಿ ಮೋಟಾರು ಕಟ್ಟಿದರು. ಅದು ಎಳೆದ ಎಳೆತಕ್ಕೆ ಪೈಪಿನೊಳಗಿನ ಒತ್ತಡ ಹೊರಗಿನ ಗಾಳಿಗಿಂತ ಕೆಳಗಿಳಿದು, ಸಡಿಲ ಜಾಯಿಂಟಿನಿಂದ ಚರಂಡಿ ನೀರು ಒಳಗೆ ಬಂತು. ಕೆಳಗಿನ ಕೇರಿಯವರಿಗೆ ಕಡೆಗೂ ಏನೋ ಬಂತಲ್ಲ, ಬಣ್ಣದ ತಕರಾರು ಬೇರೆ.

ಈಗ ಮೇಲಧಿಕಾರಿಗಳು ತಪಾಸಣೆಗೆ ಬರುತ್ತಾರಂತೆ. ನೀರುಗಂಟಿ ಮನೆಮನೆಗೂ ಹೇಳಿ ಹೋಗಿದ್ದಾನೆ: "ಅವ್ರು ಹೋಗೋ ತನ್ಕ ಯಾರೂ ನಲ್ಲಿ ತೆಗಿಬೇಡಿ ಮಾರಾಯ್ರೆ, ಪ್ರೆಷರ್ ಹೋಗುತ್ತೆ."