ಗೆರೆ ನೋಡಿ ನಡೆಯುವ ಕಾರು

ಪಥ ತಪ್ಪಿದರೆ ಚಾಲಕನನ್ನು ಎಚ್ಚರಿಸುವ ಸಾಧನವನ್ನು ಬಸ್ಸು, ಲಾರಿಗಳಿಗೆ ಕಡ್ಡಾಯ ಮಾಡುವ ಕರಡು ನಿಯಮವನ್ನು ಕೇಂದ್ರದ ಹೆದ್ದಾರಿ ಸಚಿವಾಲಯ 2025ರಲ್ಲಿ ಹೊರಡಿಸಿದಾಗ, ಅದರಿಂದ ನಿಜಕ್ಕೂ ಅವಮಾನವಾಗಿರಬೇಕಾದದ್ದು ನಮ್ಮ ಲಾರಿ ಚಾಲಕರಿಗೆ. ಪಥ ಬಿಡದಿರುವುದನ್ನು ಅವರಿಗೆ ಯಂತ್ರ ಕಲಿಸಬೇಕೆ? ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಬಿಡದಿಯ ಬಳಿ ಬಲತುದಿಯ ಪಥ ಹಿಡಿದ ಲಾರಿಯು, ಹಿಂದಿನವರು ಹಾರ್ನ್ ಹೊಡೆಯಲಿ, ದೀಪ ಮಿಟುಕಿಸಲಿ, ಎಡಗಡೆಯಿಂದ ನುಗ್ಗಿ ಹೋಗುವಾಗ ಬೈದೇ ಹೋಗಲಿ, ಮಂಡ್ಯ ದಾಟುವವರೆಗೂ ಅದನ್ನು ಯಾರಿಗೂ ಬಿಟ್ಟುಕೊಡುವುದಿಲ್ಲ. ಇಷ್ಟು ನಿಷ್ಠೆಯಿಂದ ಪಥ ಕಾಯುವ ವ್ಯವಸ್ಥೆಯನ್ನು ಜರ್ಮನಿಯವರೂ ಜಪಾನಿನವರೂ ಇನ್ನೂ ತಯಾರಿಸಿಲ್ಲ.

ಕಾರುಗಳ ಕಥೆ ಬೇರೆ. ಮುಂಗಾಜಿನ ಒಳಬದಿಯಲ್ಲಿ, ಕನ್ನಡಿಯ ಬೆನ್ನಿಗೆ ಅಂಟಿಕೊಂಡ ಪುಟ್ಟ ಕ್ಯಾಮೆರಾ ರಸ್ತೆಯ ಬಿಳಿ ಗೆರೆಗಳನ್ನು ಓದುತ್ತದೆ; ಇಂಡಿಕೇಟರ್ ಹಾಕದೆ ಕಾರು ಗೆರೆಯತ್ತ ವಾಲಿದರೆ, ದಾರಿ ಬಿಟ್ಟ ಎತ್ತಿನ ಮೂಗುದಾರ ಜಗ್ಗಿದಂತೆ ಸ್ಟಿಯರಿಂಗನ್ನು ಒಳಕ್ಕೆ ಎಳೆಯುತ್ತದೆ. ತೂಕಡಿಸುವ ಚಾಲಕನನ್ನು ಉಳಿಸಬಲ್ಲ ಉಪಾಯವಿದು, ಒಪ್ಪೋಣ. ಷೋರೂಮಿನ ಹುಡುಗ ‘ಗಾಡಿ ತಾನೇ ಓಡುತ್ತೆ ಸರ್, ನೀವು ಸುಮ್ಮನೆ ಕೂತ್ಕೊಳ್ಳಿ’ ಎನ್ನುತ್ತಾನೆ. ಕೀಲಿಯ ಜೊತೆಗೆ ಕೊಡುವ ದಪ್ಪ ಕೈಪಿಡಿ ಮಾತ್ರ ಸಣ್ಣಕ್ಷರಗಳಲ್ಲಿ ಬೇರೆಯೇ ಹೇಳುತ್ತದೆ: ಗೆರೆ ಮಾಸಿದ್ದರೆ, ಮಳೆ ಬರುತ್ತಿದ್ದರೆ, ಸೂರ್ಯ ಎದುರಿಗಿದ್ದರೆ, ನೆರಳು ಬಿದ್ದಿದ್ದರೆ, ಕಾಮಗಾರಿ ನಡೆಯುತ್ತಿದ್ದರೆ, ತಿರುವು ಕಡಿದಾಗಿದ್ದರೆ ವ್ಯವಸ್ಥೆ ಕೆಲಸ ಮಾಡದಿರಬಹುದು. ಇವನ್ನೆಲ್ಲ ಕಳೆದು ಕರ್ನಾಟಕದಲ್ಲಿ ಎಷ್ಟು ರಸ್ತೆ ಉಳಿಯುತ್ತದೆ ಎಂಬ ಲೆಕ್ಕವನ್ನು ಲೋಕೋಪಯೋಗಿ ಇಲಾಖೆಗೇ ಬಿಡೋಣ.

ಆ ಬಡಪಾಯಿ ಕ್ಯಾಮೆರಾ ನಮ್ಮಲ್ಲಿ ಏನೇನನ್ನು ಓದಬೇಕು ನೋಡಿ. ಹೊಸ ಗೆರೆ ಎಳೆದವರು ಹಳೆಯದನ್ನು ಅಳಿಸಿರುವುದಿಲ್ಲ. ಎರಡೂ ಒಂದಕ್ಕೊಂದು ಓರೆಯಾಗಿ ಸಾಗಿ, ಮುಂದೆಲ್ಲೋ ಡಾಂಬರಿನ ತೇಪೆಯಡಿ ಒಟ್ಟಿಗೇ ಮಾಯವಾಗುತ್ತವೆ. ಬಿರುಕಿಗೆ ಸುರಿದ ಡಾಂಬರು ಮಳೆಗಾಲದ ರಾತ್ರಿ ಎದುರಿನ ದೀಪಕ್ಕೆ ಹೊಳೆದು ತಾನೂ ಒಂದು ಗೆರೆಯೆಂದು ಹಕ್ಕು ಸ್ಥಾಪಿಸುತ್ತದೆ. ನಾಯಕರ ಹುಟ್ಟುಹಬ್ಬಕ್ಕೆ ಅಭಿಮಾನಿಗಳು ಸುಣ್ಣದಲ್ಲಿ ಬರೆದ ಶುಭಾಶಯ ರಸ್ತೆಯ ಅಗಲಕ್ಕೂ ಹಬ್ಬಿರುತ್ತದೆ. ಸುಗ್ಗಿಯ ಕಾಲದಲ್ಲಂತೂ ತುಮಕೂರು, ಮಂಡ್ಯದ ಕಡೆ ಅರ್ಧ ರಸ್ತೆಗೆ ಹುರುಳಿ ಹರಡಿ, ಸುತ್ತ ಕಲ್ಲಿಟ್ಟು, ಬರುವ ಹೋಗುವ ವಾಹನಗಳಿಂದಲೇ ಒಕ್ಕಣೆ ಮಾಡಿಸುತ್ತಾರೆ. ಕಾಳು ಬಿಡಿಸಲು ಎಡಕ್ಕೆ ಹೋಗಬೇಕೋ, ಗೆರೆ ಕಾಯಲು ಬಲಕ್ಕೆ ಬರಬೇಕೋ ಎಂಬ ಧರ್ಮಸಂಕಟ ಯಾವ ವಿದೇಶಿ ಎಂಜಿನಿಯರಿನ ಕನಸಿನಲ್ಲೂ ಬಂದಿರಲಾರದು. ಚೀನಾದ ಟೆನ್ಸೆಂಟ್ ಕಂಪನಿಯ ಭದ್ರತಾ ಸಂಶೋಧಕರು 2019ರಲ್ಲಿ ನೆಲಕ್ಕೆ ಮೂರೇ ಮೂರು ಪುಟ್ಟ ಸ್ಟಿಕ್ಕರ್ ಅಂಟಿಸಿ ಟೆಸ್ಲಾ ಕಾರನ್ನು ಎದುರಿನ ಪಥಕ್ಕೆ ತಿರುಗಿಸಿ ತೋರಿಸಿದ್ದರು. ಅದಕ್ಕೆ ಅವರಿಗೆ ಪ್ರಯೋಗಾಲಯ ಬೇಕಾಯಿತು. ನಮ್ಮಲ್ಲಿ ಒಬ್ಬ ಗುತ್ತಿಗೆದಾರ, ಅರ್ಧ ಡಬ್ಬ ಬಣ್ಣ ಸಾಕು.

ಇನ್ನು ಗುಂಡಿ. ಗುಂಡಿ ಕಂಡೊಡನೆ ಪಕ್ಕಕ್ಕೆ ಸರಿಯುವುದು ನಮ್ಮ ರಕ್ತದಲ್ಲಿದೆ, ಇಂಡಿಕೇಟರ್ ಹಾಕುವುದು ಇಲ್ಲ. ಆಗ ಯಂತ್ರ ‘ತಪ್ಪು’ ಎಂದು ಸ್ಟಿಯರಿಂಗನ್ನು ಮರಳಿ ಗುಂಡಿಯ ಕಡೆಗೇ ಜಗ್ಗುತ್ತದೆ. ತಪ್ಪು ದಿಕ್ಕಿನಲ್ಲಿ ಬರುವ ಬೈಕಿಗೆ ಜಾಗ ಬಿಡುವಾಗಲೂ ಅಷ್ಟೆ. ಗಟ್ಟಿಯಾಗಿ ಹಿಡಿದು ತಿರುಗಿಸಿದರೆ ಯಂತ್ರ ಸೋಲುತ್ತದೆ, ನಿಜ. ಆದರೆ ಆ ಅರೆಗಳಿಗೆಯ ಹಗ್ಗಜಗ್ಗಾಟಕ್ಕೆ ಬೈಕಿನವನು ಸಾಕ್ಷಿಯಾಗಲು ಬಯಸುತ್ತಾನೆಯೆ? ಗೆರೆಗಳು ನೆಟ್ಟಗಿರುವ ಐರೋಪ್ಯ ಒಕ್ಕೂಟದ ದೇಶಗಳಲ್ಲಿ 2024ರ ಜುಲೈನಿಂದ ಮಾರಾಟವಾಗುವ ಪ್ರತಿಯೊಂದು ಹೊಸ ಕಾರಿಗೂ ಇದು ಕಡ್ಡಾಯ. ಆರಿಸಿದ್ದರೂ ಮತ್ತೆ ಕಾರು ಚಾಲೂ ಮಾಡಿದೊಡನೆ ತಾನಾಗಿಯೇ ಎಚ್ಚರಗೊಳ್ಳುತ್ತದೆ. ಅಲ್ಲಿಯೂ ಎಷ್ಟೋ ಚಾಲಕರು ಬೆಲ್ಟ್ ಹಾಕಿದ ಮೇಲೆ ಮಾಡುವ ಮೊದಲ ಕೆಲಸ ಅದನ್ನು ಆರಿಸುವುದು.

ನಮ್ಮ ವೀರರಿಗೆ ಅದೂ ಬೇಡ. ಕೈ ಸ್ಟಿಯರಿಂಗ್ ಮೇಲಿದೆಯೆಂದು ಯಂತ್ರವನ್ನು ನಂಬಿಸಲು ನೀರಿನ ಬಾಟಲಿ ಸಿಕ್ಕಿಸಿ, ಕಾಲನ್ನು ಡ್ಯಾಶ್‌ಬೋರ್ಡಿನ ಮೇಲಿಟ್ಟು ರೀಲ್ಸ್ ಮಾಡುತ್ತಾರೆ. ಇಂಥದನ್ನು ನೋಡಿ ನಗುವ ವಯಸ್ಸು ನನಗಂತೂ ದಾಟಿದೆ. 2018ರ ಮಾರ್ಚ್‌ನಲ್ಲಿ ಕ್ಯಾಲಿಫೋರ್ನಿಯಾದ ಮೌಂಟನ್ ವ್ಯೂ ಬಳಿ, ಹೆದ್ದಾರಿ ಕವಲೊಡೆಯುವಲ್ಲಿ, ಟೆಸ್ಲಾದ ಸ್ವಯಂಚಾಲಿತ ವ್ಯವಸ್ಥೆ ಎರಡು ಗೆರೆಗಳ ನಡುವಿನ ಖಾಲಿ ಜಾಗದೊಳಗೆ ಕಾರನ್ನು ಒಯ್ದು, ವೇಗ ಹೆಚ್ಚಿಸಿಕೊಂಡು, ಗಂಟೆಗೆ ಸುಮಾರು 114 ಕಿ.ಮೀ. ವೇಗದಲ್ಲಿ ತಡೆಗೋಡೆಗೆ ಅಪ್ಪಳಿಸಿತು. ಚಾಲಕ ಸತ್ತ. ಅವನು ಫೋನಿನಲ್ಲಿ ಆಟವಾಡುತ್ತಿದ್ದನೆಂದು ಅಲ್ಲಿನ ಸಾರಿಗೆ ಸುರಕ್ಷತಾ ಮಂಡಳಿ ಹೇಳಿತು. ಹೊಡೆತ ತಡೆಯಲೆಂದು ಗೋಡೆಯ ಮುಂದೆ ಇಟ್ಟಿದ್ದ ಸಾಧನ ಹಿಂದಿನ ಅಪಘಾತದಲ್ಲಿ ನಜ್ಜುಗುಜ್ಜಾಗಿ, ದುರಸ್ತಿಯಾಗದೆ ಹಾಗೆಯೇ ಬಿದ್ದಿತ್ತೆಂದೂ ಹೇಳಿತು. ಯಂತ್ರ ಗೆರೆಯನ್ನು ನಂಬಿತು, ಮನುಷ್ಯ ಯಂತ್ರವನ್ನು ನಂಬಿದ, ರಸ್ತೆ ನೋಡಿಕೊಳ್ಳಬೇಕಾದವರು ಸಾವಕಾಶವಾಗಿ ಮಾಡೋಣವೆಂದರು.

ನಮ್ಮಲ್ಲಿ ಹೀಗಾದರೆ ತನಿಖೆಯ ತಾಪತ್ರಯವೇ ಇರುವುದಿಲ್ಲ. ‘ಅತಿವೇಗ ಮತ್ತು ಅಜಾಗರೂಕತೆಯ ಚಾಲನೆ’ ಎಂದು ಬರೆದರೆ ಮುಗಿಯಿತು. ಕಾನೂನೇ ಇಲ್ಲವೆಂದಲ್ಲ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಂದ ತಿದ್ದುಪಡಿಯಲ್ಲಿ 198ಎ ಎಂಬ ಸೆಕ್ಷನ್ ಇದೆ: ಸುರಕ್ಷತಾ ಮಾನದಂಡ ಪಾಲಿಸದೆ ರಸ್ತೆ ಕಟ್ಟಿದ ಅಥವಾ ನಿರ್ವಹಿಸಿದ ಕಾರಣಕ್ಕೆ ಯಾರಾದರೂ ಸತ್ತರೆ, ಅಂಗವಿಕಲರಾದರೆ, ಹೊಣೆಗಾರ ಪ್ರಾಧಿಕಾರಕ್ಕೋ ಗುತ್ತಿಗೆದಾರನಿಗೋ 1 ಲಕ್ಷ ರೂಪಾಯಿಯವರೆಗೆ ದಂಡ. ಎಷ್ಟೋ ಕಾರುಗಳಲ್ಲಿ ಗೆರೆ ಓದುವ ಈ ಕ್ಯಾಮೆರಾ ಇರುವ ಮಾದರಿಗೆ ಗ್ರಾಹಕ ಹೆಚ್ಚುವರಿಯಾಗಿ ತೆರುವ ಹಣವೇ ಅದಕ್ಕಿಂತ ಜಾಸ್ತಿ.