ನಿಶ್ಶಬ್ದ ಹುಡುಕಿಕೊಂಡು ಹೊರಟ ಸೈಲೆನ್ಸರ್

ಊರಿನ ಗದ್ದಲ ಸಾಕಾಯ್ತು, ಬೈಕಿನಲ್ಲಿ ಹೋಗಿ ಒಂದು ರಾತ್ರಿ ಕೆರೆ ದಂಡೆಯಲ್ಲಿ ಟೆಂಟ್ ಹಾಕಿ ಸುಮ್ನೆ ಮಲಗಿ ಬರೋಣ ಅಂದ ಗೆಳೆಯ. ಒಂದೇ ರಾತ್ರಿ. ತಯಾರಿಗೆ ಮೂರು ತಿಂಗಳು ಹಿಡಿಯಿತು.

ಮೊದಲು ಬದಲಾದದ್ದು ಬೈಕಿನ ಸೈಲೆನ್ಸರ್. ಕಂಪನಿಯವರು ಹಾಕಿಕೊಟ್ಟದ್ದು ಸದ್ದೇ ಮಾಡುವುದಿಲ್ಲ ಎಂಬುದು ಅವನ ದೂರು. ಹೆಸರಿಗೆ ತಕ್ಕಂತೆ ನಡೆದುಕೊಂಡದ್ದೇ ಪಾಪ ಅದರ ತಪ್ಪು! ಹೊಸದರ ಒಳಗೆ ಸದ್ದು ತಗ್ಗಿಸುವ ಒಂದು ಪುಟ್ಟ ಕೊಳವೆ ಇತ್ತು. ಡಿಬಿ ಕಿಲ್ಲರ್ ಅನ್ನುತ್ತಾರೆ. ಅದನ್ನೂ ಕಿತ್ತು ಮೂಲೆಗೆ ಎಸೆದ. ‘ಸದ್ದು ಜಾಸ್ತಿ ಇದ್ರೆ ಎದುರಿನವರು ಹುಷಾರಾಗ್ತಾರೆ, ನಮ್ಮ ಜೀವ ಉಳಿಯುತ್ತೆ’ ಅಂದ. ಸೈಲೆನ್ಸರ್ ಬಾಯಿ ಇರುವುದು ಹಿಂದಕ್ಕೆ. ಹುಷಾರಾದವರು ನಾವು ಆಗಲೇ ದಾಟಿಬಂದ ಹಳ್ಳಿಯ ಜನ.

ಇನ್ನು ಸಾಮಾನು. ಎಲ್ಲ ಬಿಟ್ಟು ಹೋಗುವ ಪ್ರವಾಸಕ್ಕೆ ಏನನ್ನೂ ಬಿಡಬಾರದಂತೆ. ಮಡಚುವ ಕುರ್ಚಿ, ಮಡಚುವ ಮೇಜು, ಡ್ರೋನ್, ಟ್ರೈಪಾಡ್, ನಾಲ್ಕು ಪವರ್ ಬ್ಯಾಂಕ್, ಬಣ್ಣದ ದೀಪದ ಸರ, ಸ್ಪೀಕರ್. ಬೈಕು ಎಷ್ಟು ಭಾರ ಹೊರಬಹುದು ಅಂತ ಅದರ ಕೈಪಿಡಿಯಲ್ಲೇ ಬರೆದಿರುತ್ತದೆ. ಆ ಲೆಕ್ಕದಲ್ಲಿ ಸವಾರನ ತೂಕವೂ ಸೇರುತ್ತದೆ. ಗೆಳೆಯನ ತೂಕ ಕೇಳಿದರೆ ಕೈಪಿಡಿಯೇ ಬೇಜಾರು ಮಾಡಿಕೊಳ್ಳುತ್ತಿತ್ತು. ಕೊನೆಗೆ ಸ್ಪೀಕರಿಗೆ ಜಾಗ ಸಾಲದೆ ನೆಲಕ್ಕೆ ಹಾಸುವ ಮ್ಯಾಟನ್ನು ಮನೆಯಲ್ಲೇ ಬಿಟ್ಟೆವು. ಪಂಕ್ಚರ್ ಕಿಟ್ಟನ್ನೂ.

ಯಾರೂ ಕಾಲಿಡದ ಜಾಗ ಅಂತ ವಿಡಿಯೋದಲ್ಲಿ ನೋಡಿದ್ದ ಜಾಗವದು. ನಾವು ಹೋಗುವಷ್ಟರಲ್ಲಿ ಹನ್ನೊಂದು ಟೆಂಟ್‌ಗಳಿದ್ದವು. ಎಲ್ಲರೂ ಅದೇ ವಿಡಿಯೋ ನೋಡಿ ಏಕಾಂತಕ್ಕೆ ಬಂದವರೇ.

ನೀರಿನಿಂದ 60 ಮೀಟರಾದರೂ ದೂರ ಟೆಂಟ್ ಹಾಕಬೇಕು ಅನ್ನುತ್ತಾರೆ ಬಲ್ಲವರು. ಅವರಿಗೆ ಫೋಟೊ ತೆಗೆಯೋದು ಗೊತ್ತಿಲ್ಲ, ಬಿಡಿ. ನಾವು ನೀರಿಗೆ ಮೂರೇ ಹೆಜ್ಜೆ ದೂರದಲ್ಲಿ ಹಾಕಿದೆವು. ‘ಇಬ್ಬರ ಟೆಂಟ್’ ಅಂತ ಬರೆದಿತ್ತು. ಒಬ್ಬ ಮನುಷ್ಯ, ಒಂದು ಹೆಲ್ಮೆಟ್ ಅಂತ ಅದರ ಅರ್ಥ ಇರಬೇಕು. ಚಳಿ ಅಂತ ಕಿಂಡಿಗಳನ್ನೆಲ್ಲ ಮುಚ್ಚಿದೆವು. ನಮ್ಮದೇ ಉಸಿರು ಬಟ್ಟೆಗೆ ತಾಗಿ, ನೀರಾಗಿ, ಮೂಗಿನ ಮೇಲೆ ಹನಿಯಿತು. ಸ್ಲೀಪಿಂಗ್ ಬ್ಯಾಗಿನ ಒಳತುಂಬು ಮೈಭಾರಕ್ಕೆ ಅಪ್ಪಚ್ಚಿಯಾದರೆ ಕೆಳಗಿನ ಚಳಿ ತಡೆಯುವುದಿಲ್ಲ, ಆ ಕೆಲಸ ಮ್ಯಾಟಿನದು. ಇದು ನನ್ನ ಬೆನ್ನಿಗೆ ಅರ್ಥವಾಗುವಾಗ ರಾತ್ರಿ ಒಂದು ಗಂಟೆ. ಸ್ಪೀಕರ್ ಇನ್ನೂ ಹಾಡುತ್ತಿತ್ತು. ಪಕ್ಕದ ಟೆಂಟಿನದು ಇನ್ನೂ ಜೋರಾಗಿ.

ಮೂರಕ್ಕೆ ಎಲ್ಲರ ಬ್ಯಾಟರಿಯೂ ಸತ್ತು, ಮೊದಲ ಸಲ ಏನೂ ಕೇಳಿಸಲಿಲ್ಲ. ಆಹಾ ಅನ್ನುವಷ್ಟರಲ್ಲಿ ‘ಧಡ್!’ ಹಸಿ ಮಣ್ಣಿನಲ್ಲಿ ಸೈಡ್ ಸ್ಟ್ಯಾಂಡ್ ಇಳಿದು ಬೈಕು ಮಗುಚಿತ್ತು. ಅಡಿಗೊಂದು ಚಪ್ಪಟೆ ಕಲ್ಲು ಇಟ್ಟಿದ್ದರೆ ಸಾಕಿತ್ತು. ಆದರೆ ಕಲ್ಲಿನ ವಿಡಿಯೋ ಯಾರು ನೋಡ್ತಾರೆ, ಅಲ್ವಾ?

ಬೆಳಿಗ್ಗೆ ಬೈಕ್ ಎತ್ತಿ, ಸ್ಟಾರ್ಟ್ ಮಾಡಿ, ಸರಿಯಾಗಿದೆಯಾ ಅಂತ ಹತ್ತು ನಿಮಿಷ ಆಕ್ಸಿಲರೇಟರ್ ತಿರುವಿದ. ಮರದಲ್ಲಿದ್ದ ಹಕ್ಕಿಗಳೆಲ್ಲ ಖಾಲಿ.

ಮನೆಗೆ ಬಂದ ಮೇಲೆ ‘ಮೌನದ ಮಡಿಲಲ್ಲಿ’ ಅಂತ ವಿಡಿಯೋ ಹಾಕಿದ್ದಾನೆ. ಅದರಲ್ಲಿ ಹಕ್ಕಿಗಳ ಕಲರವ ತುಂಬ ಚೆನ್ನಾಗಿದೆ. ಡೌನ್‌ಲೋಡ್ ಮಾಡಿ ಸೇರಿಸಿದ್ದಂತೆ.