ಪರ-ವಿರೋಧ: ಟಿಪ್ಪರ್‌ನ ಏರ್ ಫಿಲ್ಟರ್ ದಿನಾ ಬಿಚ್ಚಿ ಗಾಳಿ ಹೊಡೆಯಬೇಕಾ?

ಪರ: ಬಿಚ್ಚಿ ನೋಡದಿದ್ದರೆ ಗೊತ್ತಾಗುವುದು ಹೇಗೆ?

ಹುಬ್ಬಳ್ಳಿಯ ಗುತ್ತಿಗೆದಾರರೊಬ್ಬರ ಹನ್ನೊಂದು ಟಿಪ್ಪರ್‌ಗಳ ಲೆಕ್ಕ ನೋಡುವ ಕೆಲಸ ನನ್ನದು. ಡೀಸೆಲ್ ಎಷ್ಟು, ಟ್ರಿಪ್ ಎಷ್ಟು, ಗ್ಯಾರೇಜಿಗೆ ಹೋದದ್ದೆಷ್ಟು, ಎಲ್ಲ ನನ್ನ ವಹಿಗೆ ಬರುತ್ತದೆ. ‘ಹೌದು, ದಿನಾ ಗಾಳಿ ಹೊಡೆಯಬೇಕು’ ಎಂಬ ಕಡೆಯಿಂದ ಬರೆಯಿರಿ ಎಂದು ಕೇಳಿದರು, ಒಪ್ಪಿಕೊಂಡೆ. ಇಂಜಿನ್ ಎಳೆಯುವ ಗಾಳಿಯ ಧೂಳು ಸೋಸುವ ಕಾಗದದ ಜರಡಿ ಏರ್ ಫಿಲ್ಟರ್, ಅದು ಕೂರುವ ಡಬ್ಬಿ ಏರ್ ಕ್ಲೀನರ್. ಗಾಳಿ ಹೊಡೆಯುವುದು ಅಂದರೆ ಕಂಪ್ರೆಸರ್ ಗಾಳಿಯಿಂದ ಆ ಧೂಳು ಹಾರಿಸುವುದು. ದಿನಾ ಎಂಬ ಮಾತು ನನಗೂ ಸ್ವಲ್ಪ ಜಾಸ್ತಿ ಅನ್ನಿಸುತ್ತದೆ. ಆದರೆ ಏರ್ ಕ್ಲೀನರ್ ಮುಟ್ಟಲೇಬಾರದು ಎನ್ನುವವರಿಗಿಂತ ದಿನಾ ಮುಟ್ಟುವವರೇ ವಾಸಿ.

ನಮ್ಮ ಕಡೆಯ ಧೂಳು ಎಂಥದು ಅಂತ ಮೊದಲು ನೋಡಬೇಕು. ಶಿರಹಟ್ಟಿ ಕಡೆಯ ಖಡಿ ಮಷಿನ್ (ಕಲ್ಲು ಒಡೆಯುವ ಕ್ರಷರ್) ಹತ್ತಿರ ಮಧ್ಯಾಹ್ನ ನಿಂತರೆ ಮುಂದಿನ ಗಾಡಿಯ ನಂಬರ್ ಕಾಣುವುದಿಲ್ಲ. ನವಲಗುಂದ, ನರಗುಂದದ ಎರೆ ಹೊಲದ ದಾರಿ ಬೇಸಿಗೆಯಲ್ಲಿ ಹಿಟ್ಟಿನ ಹಾಗೆ ಏಳುತ್ತದೆ. ಇಂಥಲ್ಲಿ ಓಡುವ ಗಾಡಿಯ ಫಿಲ್ಟರ್ ಕಟ್ಟಿಕೊಳ್ಳಲು ಬಹಳ ದಿನ ಬೇಕಿಲ್ಲ. ಕಟ್ಟಿಕೊಂಡರೆ ಇಂಜಿನ್‌ಗೆ ಉಸಿರು ಸಾಲುವುದಿಲ್ಲ. ಡೀಸೆಲ್ ಬರುತ್ತದೆ, ಅದು ಉರಿಯಲು ಬೇಕಾದ ಗಾಳಿ ಬರುವುದಿಲ್ಲ. ಕಪ್ಪು ಹೊಗೆ, ಏರಿನಲ್ಲಿ ಒಂದು ಗೇರ್ ಕಡಿಮೆ, ಆವರೇಜ್ ಇಳಿತ. ಈ ಇಳಿತ ಡ್ರೈವರ್‌ಗಿಂತ ಮೊದಲು ನನಗೆ ವಹಿಯಲ್ಲಿ ಕಾಣುತ್ತದೆ.

ಹೊಸ ಫಿಲ್ಟರ್ ಹಾಕಿ ಅನ್ನುವುದು ಸುಲಭ. ಹನ್ನೊಂದು ಗಾಡಿಗೆ ಹಾಕುತ್ತಾ ಹೋದರೆ ಆ ದುಡ್ಡು ಎಲ್ಲಿಂದ ತರುವುದು? ಒಂದೇ ಗಾಡಿ ಇಟ್ಟುಕೊಂಡು ತಿಂಗಳ ಕಂತು ಕಟ್ಟುವವನ ಪಾಡೇನು? ಗಾಳಿ ಹೊಡೆಯುವುದಕ್ಕೆ ಹತ್ತು ನಿಮಿಷ ಸಾಕು. ಇದು ಬಡವನ ಉಪಾಯ, ತಪ್ಪೇನಿಲ್ಲ.

ಫಿಲ್ಟರ್ ಕಟ್ಟಿಕೊಂಡರೆ ಕೆಂಪು ತೋರಿಸುವ ಇಂಡಿಕೇಟರ್ ಏರ್ ಕ್ಲೀನರ್‌ಗೆ ಇರುತ್ತದೆ, ಅದನ್ನು ನೋಡಿಕೊಂಡು ಬಿಚ್ಚಿ ಎನ್ನುತ್ತಾರೆ. ಇಂಡಿಕೇಟರ್ ಎಲ್ಲಿದೆ? ನಮ್ಮ ಹನ್ನೊಂದು ಗಾಡಿಗಳಲ್ಲಿ ನಾಲ್ಕರಲ್ಲಿ ಅದು ಕೆಟ್ಟಿದೆ. ಎರಡರಲ್ಲಿ ಆ ಜಾಗಕ್ಕೆ ಬೋಲ್ಟ್ ತಿರುಗಿಸಿ ಮುಚ್ಚಿದ್ದಾರೆ. ಕಣ್ಣಿಗೆ ಕಾಣುವ ಗುರುತು ಇಲ್ಲದಿದ್ದರೆ ಕೈಯಿಂದ ಬಿಚ್ಚಿ ನೋಡುವುದು ಒಂದೇ ದಾರಿ.

ಇನ್ನೊಂದು ಮಾತು. ದಿನಾ ಬಿಚ್ಚುವ ಹುಡುಗ ಫಿಲ್ಟರ್ ಒಂದನ್ನೇ ನೋಡುವುದಿಲ್ಲ. ಹೋದ ಬೇಸಿಗೆಯಲ್ಲಿ ನಮ್ಮ ಗಾಡಿಯೊಂದರಲ್ಲಿ ಫಿಲ್ಟರ್‌ನಿಂದ ಇಂಜಿನ್ ಕಡೆ ಹೋಗುವ ರಬ್ಬರ್ ಹೋಸ್‌ನ ಕ್ಲಿಪ್ ಸಡಿಲಾಗಿತ್ತು. ಅದನ್ನು ಕಂಡವನು ಫಿಲ್ಟರ್ ಬಿಚ್ಚಲು ಹೋದ ಕ್ಲೀನರ್ ಹುಡುಗನೇ. ಮುಟ್ಟದೇ ಬಿಟ್ಟಿದ್ದರೆ ಅದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಗಾಳಿ ಹೊಡೆದರೆ ಕಾಗದ ಹರಿಯುತ್ತದೆ ಎಂಬ ಹೆದರಿಕೆ ಇದೆಯಲ್ಲ, ಅದಕ್ಕೆ ಉತ್ತರ ಇಷ್ಟೇ: ಸರಿಯಾಗಿ ಹೊಡೆಯಿರಿ. ಒಳಗಿನಿಂದ ಹೊರಕ್ಕೆ ಹೊಡೆಯಬೇಕು, ಪ್ರೆಶರ್ ಕಡಿಮೆ ಇಡಬೇಕು, ಪೈಪನ್ನು ಕಾಗದಕ್ಕೆ ತಾಗಿಸಬಾರದು. ವಿರೋಧ ಮಾಡುವವರ ಮಾತು ಕೇಳಿದರೆ ಏರ್ ಕ್ಲೀನರ್ ಡಬ್ಬಿ ಮುಟ್ಟಿದವನೇ ಅಪರಾಧಿ. ನಾನು ಹಾಗೆ ಒಪ್ಪುವುದಿಲ್ಲ. ದಿನಾ ಬೇಡ ಅಂತಾದರೆ ವಾರಕ್ಕೆರಡು ಸಲ ಮಾಡಿ. ಆದರೆ ಮಾಡಿ.

ವಿರೋಧ: ದಿನಾ ಬಿಚ್ಚಿಯೇ ನನ್ನ ಇಂಜಿನ್ ಹೋಯಿತು

ನನ್ನದು ಒಂದೇ ಟಿಪ್ಪರ್. ನಾನೇ ಡ್ರೈವರ್. ಖಡಿ, ಗರಸು, ಎಂ-ಸ್ಯಾಂಡ್, ಯಾವುದು ಸಿಕ್ಕರೆ ಅದು. ಗದಗ ಜಿಲ್ಲೆಯ ಕಚ್ಚಾ ದಾರಿಗಳಲ್ಲಿ, ಆಮೇಲೆ ಹುಬ್ಬಳ್ಳಿ-ಧಾರವಾಡ ಬೈಪಾಸ್ ಅಗಲ ಮಾಡುವ ಕೆಲಸದಲ್ಲಿ ಓಡಿಸಿದ್ದೇನೆ. ಏರ್ ಫಿಲ್ಟರ್ ವಿಷಯದಲ್ಲಿ ನನ್ನಷ್ಟು ಕಾಳಜಿ ಮಾಡಿದವರು ನಮ್ಮ ಲೈನ್‌ನಲ್ಲಿ ಬೇರೆ ಯಾರೂ ಇರಲಿಲ್ಲ. ದಿನಾ ಮುಂಜಾನೆ ಚಹಾ ಕುಡಿಯುವುದಕ್ಕೆ ಮುಂಚೆ ಫಿಲ್ಟರ್ ಹೊರಗೆ ಬರುತ್ತಿತ್ತು. ಹುಡುಗ ಅದನ್ನು ಟೈರಿಗೆ ನಾಲ್ಕು ಸಲ ಬಡಿಯುತ್ತಿದ್ದ. ದೊಡ್ಡ ಧೂಳು ಉದುರಿದ ಮೇಲೆ ಪಂಕ್ಚರ್ ಅಂಗಡಿಯ ಕಂಪ್ರೆಸರ್‌ನಿಂದ ಗಾಳಿ. ಫಿಲ್ಟರ್ ಹೊಸದರ ಹಾಗೆ ಹಳದಿಯಾಗಿ ಕಾಣುತ್ತಿತ್ತು. ನೋಡಿದರೆ ಖುಷಿಯಾಗುತ್ತಿತ್ತು.

ಒಂದೂವರೆ ವರ್ಷದಲ್ಲಿ ಗಾಡಿ ಆಯಿಲ್ ಕುಡಿಯಲು ಶುರು ಮಾಡಿತು. ಮೊದಲು ವಾರಕ್ಕೆ ಒಂದು ಲೀಟರ್, ಆಮೇಲೆ ಎರಡು. ಸೈಲೆನ್ಸರ್‌ನಲ್ಲಿ ನೀಲಿ ಹೊಗೆ. ಆಯಿಲ್ ಹಾಕುವ ಮುಚ್ಚಳ ತೆಗೆದರೆ ಒಳಗಿಂದ ಬುಸುಬುಸು ಹೊಗೆ. ಬ್ಯಾಕ್ ಕಂಪ್ರೆಶನ್ ಅಂತ ಗ್ಯಾರೇಜಿನವರು ಹೇಳುತ್ತಾರಲ್ಲ, ಅದು. ಗಬ್ಬೂರು ಹತ್ತಿರ ಒಬ್ಬ ಹಳೆಯ ಮಿಸ್ತ್ರಿ ಇದ್ದಾರೆ. ನಾವೆಲ್ಲ ಚಾಚಾ ಎನ್ನುತ್ತೇವೆ. ಅವರ ಹತ್ತಿರ ಒಯ್ದೆ.

ಚಾಚಾ ಇಂಜಿನ್ ಮುಟ್ಟಲಿಲ್ಲ. ಫಿಲ್ಟರ್‌ಗೂ ಟರ್ಬೊಗೂ (ಇಂಜಿನ್‌ಗೆ ಗಾಳಿ ಒತ್ತಿ ತುಂಬುವ ಚಕ್ರ) ನಡುವಿನ ಹೋಸ್ ಬಿಚ್ಚಿದರು. ಒಳಗೆ ಬೆರಳು ಹಾಕಿ ಒರೆಸಿ ನನ್ನ ಮುಂದೆ ಹಿಡಿದರು. ಬೆರಳಿಗೆ ಬೂದಿ ಬಣ್ಣದ ಹಿಟ್ಟು ಹತ್ತಿತ್ತು. ಮುಟ್ಟಿ ನೋಡಿದೆ, ವಿಭೂತಿಯಷ್ಟು ನುಣುಪು. ‘ಹಲ್ಲಾಗ ಇಟ್ಟ ನೋಡು’ ಅಂದರು. ಇಟ್ಟು ಕಚ್ಚಿದೆ. ಕರಕರ ಅಂದಿತು. ಫಿಲ್ಟರ್ ದಾಟಿದ ಮೇಲೆ ಇರುವ ಹೋಸ್ ಅದು. ಅಲ್ಲಿ ಒಂದು ಚಿಟಿಕೆ ಧೂಳೂ ಇರಬಾರದು.

ಆಮೇಲೆ ಫಿಲ್ಟರನ್ನು ಗ್ಯಾರೇಜಿನ ಕತ್ತಲೆ ಕೋಣೆಗೆ ಒಯ್ದು ಅದರೊಳಗೆ ಬಲ್ಬ್ ಇಳಿಸಿದರು. ಮಡಿಕೆಗಳ ಬುಡದಲ್ಲಿ ಮೂರು ಕಡೆ ನಕ್ಷತ್ರದ ಹಾಗೆ ಬೆಳಕು ಚುಚ್ಚಿತು. ಟೈರಿಗೆ ಬಡಿದ ತುದಿಯಲ್ಲಿ ರಬ್ಬರ್ ಗ್ಯಾಸ್ಕೆಟ್ ಒಂದು ಬದಿಗೆ ಚಪ್ಪಟೆಯಾಗಿತ್ತು. ಡಬ್ಬಿಗೆ ಸರಿಯಾಗಿ ಕೂರುತ್ತಲೇ ಇರಲಿಲ್ಲ. ‘ನೋಡ್ ತಮ್ಮಾ, ಧೂಳ ರಸ್ತೆದಾಗ ಓಡಿಸುವಾಗ ಒಳಗ ಹೋಗಿಲ್ಲ. ನೀ ದಿನಾ ಮುಂಜಾನೆ ಬಿಚ್ಚತಿದ್ದೆಲ್ಲ, ಅಲ್ಲಿಂದ ಹೋಗೈತಿ’ ಎಂದರು ಚಾಚಾ.

ಇಂಜಿನ್ ಇಳಿಸಿದಾಗ ಲೈನರ್‌ಗಳು, ಅಂದರೆ ಪಿಸ್ಟನ್ ಓಡಾಡುವ ಕೊಳವೆಗಳ ಒಳಗೋಡೆ, ಕನ್ನಡಿಯ ಹಾಗೆ ಹೊಳೆಯುತ್ತಿದ್ದವು. ಹೊಳೆಯಬಾರದು. ಲೈನರ್ ಮೇಲೆ ಸಣ್ಣ ಅಡ್ಡ ಗೆರೆಗಳಿರುತ್ತವೆ, ಆಯಿಲ್ ನಿಲ್ಲುವುದು ಆ ಗೆರೆಗಳಲ್ಲಿ. ಧೂಳು ಅದನ್ನೆಲ್ಲ ತಿಕ್ಕಿ ತೆಗೆದಿತ್ತು. ಪಿಸ್ಟನ್ ರಿಂಗ್ ಸವೆದಿದ್ದವು. ಟರ್ಬೊ ಚಕ್ರದ ರೆಕ್ಕೆಗಳ ಅಂಚು ಹಳೆಯ ನಾಣ್ಯದ ಹಾಗೆ ಗುಂಡಗಾಗಿತ್ತು. ಲಕ್ಷಕ್ಕಿಂತ ಜಾಸ್ತಿ ಖರ್ಚಾಯಿತು. ಗಾಡಿ ಇಪ್ಪತ್ತೆರಡು ದಿನ ನಿಂತಿತು. ಆ ತಿಂಗಳ ಕಂತಿಗೆ ಹೆಂಡತಿಯ ಬಳೆ ಅಡವಿಟ್ಟೆ. ಇದನ್ನೆಲ್ಲ ಯಾಕೆ ಹೇಳುತ್ತೇನೆಂದರೆ, ಗಾಳಿ ಹೊಡೆದು ದುಡ್ಡು ಉಳಿಸುತ್ತೇವೆ ಎನ್ನುವವರು ನನ್ನ ಲೆಕ್ಕವನ್ನೂ ಒಮ್ಮೆ ನೋಡಲಿ.

ನನ್ನ ಇಂಜಿನ್ 5.9 ಲೀಟರಿನದು. ನಾಲ್ಕು ಸ್ಟ್ರೋಕ್ ಇಂಜಿನ್ ಎರಡು ಸುತ್ತಿಗೆ ಒಂದು ಸಲ ಗಾಳಿ ಎಳೆಯುತ್ತದೆ. 2,000 ಆರ್‌ಪಿಎಂ (ನಿಮಿಷಕ್ಕೆ 2,000 ಸುತ್ತು) ಅಂದರೆ ನಿಮಿಷಕ್ಕೆ 1,000 ಸಲ, 5,900 ಲೀಟರ್ ಗಾಳಿ. ಮನೆಗೆ ತರುತ್ತೇವಲ್ಲ 20 ಲೀಟರ್ ನೀರಿನ ಕ್ಯಾನ್, ಅಂಥ 295 ಕ್ಯಾನ್, ಒಂದೇ ನಿಮಿಷದಲ್ಲಿ. ಟರ್ಬೊ ಇದ್ದರೆ ಇನ್ನೂ ಜಾಸ್ತಿ. ಇಷ್ಟು ಗಾಳಿ ಎಳೆಯುವಾಗ ಸೂಜಿ ತುದಿಯಷ್ಟು ತೂತೂ ದೊಡ್ಡ ಬಾಗಿಲು. ಹಾಳು ಮಾಡುವ ಧೂಳು ಕಣ್ಣಿಗೆ ಕಾಣುವಂಥದ್ದೂ ಅಲ್ಲ. ನಮ್ಮ ಕೂದಲಿನ ದಪ್ಪ ಸುಮಾರು 70 ಮೈಕ್ರಾನ್ (ಒಂದು ಮಿಲಿಮೀಟರ್‌ಗೆ ಸಾವಿರ ಮೈಕ್ರಾನ್). ರಿಂಗ್ ಮತ್ತು ಲೈನರ್ ತಿನ್ನುವುದು ಹೆಚ್ಚಾಗಿ 5ರಿಂದ 20 ಮೈಕ್ರಾನ್‌ನ ಕಣ. ಖಡಿ ಮಷಿನ್ ಧೂಳಿನಲ್ಲಿ ಬೆಣಚುಕಲ್ಲಿನ ಪುಡಿ ಇರುತ್ತದೆ, ಅದು ಲೈನರ್‌ನ ಕಬ್ಬಿಣಕ್ಕಿಂತ ಗಟ್ಟಿ.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಧೂಳು ಕೂತ ಫಿಲ್ಟರ್ ಕೆಟ್ಟ ಫಿಲ್ಟರ್ ಅಲ್ಲ. ಚಹಾ ಸೋಸುವಾಗ ನೋಡಿ. ಮೊದಲ ಕಪ್ಪಿನಲ್ಲಿ ಸಣ್ಣ ಪುಡಿ ಇಳಿಯುತ್ತದೆ. ಜರಡಿಯಲ್ಲಿ ಚಹಾಪುಡಿ ಕೂತ ಮೇಲೆ ಎರಡನೇ ಕಪ್ಪು ಸ್ವಚ್ಛ. ಕಾಗದದ ಫಿಲ್ಟರ್‌ದೂ ಅದೇ ಗುಣ. ಹೊಸದಾಗಿದ್ದಾಗ ಅತಿ ಸಣ್ಣ ಧೂಳು ಸ್ವಲ್ಪ ನುಸುಳುತ್ತದೆ. ಮೇಲೆ ತೆಳುವಾದ ಧೂಳಿನ ಪದರ ಕೂತರೆ ಆ ಪದರವೇ ಜರಡಿಯಾಗಿ ನಿಲ್ಲುತ್ತದೆ. ನಾನು ದಿನಾ ಮುಂಜಾನೆ ಗಾಳಿ ಹೊಡೆದು ಆ ಪದರವನ್ನೇ ತೆಗೆಯುತ್ತಿದ್ದೆ. ದಿನಾ ಮೊದಲ ಕಪ್ಪು, ದಿನಾ ಪುಡಿ ಇಳಿದ ಚಹಾ.

ಬಿಚ್ಚುವಾಗಿನ ಅಪಾಯ ಬೇರೆ. ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಹಮಾಲರು ಮೂಗಿಗೆ ಬಟ್ಟೆ ಕಟ್ಟಿಕೊಂಡು ಚೀಲ ಹೊರುತ್ತಾರೆ. ಘಾಟಿನ ನಡುವೆ ನಿಂತು ಯಾರೂ ಬಟ್ಟೆ ಬಿಚ್ಚಿ ಜಾಡಿಸುವುದಿಲ್ಲ. ಜಾಡಿಸಿದರೆ ಆ ಒಂದು ಉಸಿರಿಗೆ ಎಲ್ಲ ಘಾಟು ಒಳಗೆ. ನಾವು ಖಡಿ ಮಷಿನ್ ಪಕ್ಕದಲ್ಲೇ ಗಾಡಿ ನಿಲ್ಲಿಸಿ ಫಿಲ್ಟರ್ ಎಳೆಯುತ್ತೇವೆ. ಡಬ್ಬಿಯ ಗೋಡೆಗೆ ಅಂಟಿದ ಧೂಳು ಎಳೆಯುವಾಗಲೇ ಒಳಗಿನ ಪೈಪಿಗೆ ಉದುರುತ್ತದೆ.

ಈ ದಿನಾ ಬಿಚ್ಚುವ ಅಭ್ಯಾಸ ಎಲ್ಲಿಂದ ಬಂತು ಅಂತ ಬಹಳ ಯೋಚನೆ ಮಾಡಿದ್ದೇನೆ. ನಮ್ಮ ಅಪ್ಪನದು ನರಗುಂದದ ಎರೆ ಹೊಲ, ಹಳೆಯ ಟ್ರ್ಯಾಕ್ಟರ್. ಅದರದು ಆಯಿಲ್ ಬಾತ್ ಏರ್ ಕ್ಲೀನರ್. ಕೆಳಗಿನ ಬಟ್ಟಲಿನಲ್ಲಿ ಆಯಿಲ್ ಇರುತ್ತದೆ. ಗಾಳಿ ಅದಕ್ಕೆ ಬಡಿದು ತಿರುಗಿ ತಂತಿಯ ಜಾಳಿಗೆ ಹಾದು ಮೇಲೆ ಹೋಗುತ್ತದೆ. ಧೂಳು ಎಣ್ಣೆಯಲ್ಲಿ ಉಳಿಯುತ್ತದೆ. ಆ ಎಣ್ಣೆ ಕೆಸರಾದರೆ ಕೆಲಸ ಮಾಡುವುದಿಲ್ಲ. ಅದಕ್ಕೇ ಅಪ್ಪ ದಿನಾ ಬಟ್ಟಲು ಇಳಿಸಿ ನೋಡುತ್ತಿದ್ದರು. ಕೆಸರು ಚೆಲ್ಲಿ, ಡೀಸೆಲ್‌ನಲ್ಲಿ ತೊಳೆದು, ಗುರುತಿನ ತನಕ ಹೊಸ ಆಯಿಲ್ ಹಾಕುತ್ತಿದ್ದರು. ಆ ಯಂತ್ರಕ್ಕೆ ಅದು ಸರಿಯಾದ ಕೆಲಸ. ನಾನು ಅಪ್ಪನ ಕೈ ನೋಡಿ ಕಲಿತು, ಕಾಗದದ ಫಿಲ್ಟರ್‌ಗೂ ಅದನ್ನೇ ಮಾಡಿದೆ. ನಮ್ಮ ಕಡೆ ಬಹಳ ಜನರ ಕಥೆ ಇದೇ ಅಲ್ವಾ?

ಸರಿಯಾಗಿ ಹೊಡೆದರೆ ಏನೂ ಆಗುವುದಿಲ್ಲ ಎನ್ನುತ್ತಾರೆ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಇರುವುದು ಲಾರಿ ಟೈರಿಗೆ. ಅದರ ಪ್ರೆಶರ್ ನೂರು ಪಿಎಸ್‌ಐ (ಟೈರ್ ಗಾಳಿ ಅಳೆಯುವ ಲೆಕ್ಕ) ಮೇಲೆ. ಗಾಳಿ ಹೊಡೆಯಲು ಬಿಡುವ ಕೈಪಿಡಿಗಳೂ ಸಾಮಾನ್ಯವಾಗಿ ಹೇಳುವುದು 30 ಪಿಎಸ್‌ಐ ಆಸುಪಾಸು. ಮುಂಜಾನೆ ಆರು ಗಂಟೆಗೆ, ಮೊದಲ ಲೋಡ್‌ಗೆ ಹೊತ್ತಾಗುತ್ತಿರುವಾಗ, ಹದಿನೆಂಟು ವರ್ಷದ ಹುಡುಗ ಪ್ರೆಶರ್ ಇಳಿಸಿಕೊಂಡು ಕೂರುತ್ತಾನಾ? ನಾನಂತೂ ಯಾರೂ ಇಳಿಸಿದ್ದನ್ನು ನೋಡಿಲ್ಲ. ಇನ್ನು ಒಳಗೆ ಇರುತ್ತದಲ್ಲ ಸಣ್ಣ ಸೇಫ್ಟಿ ಫಿಲ್ಟರ್, ಅದಕ್ಕೆ ಗಾಳಿ ಹೊಡೆಯಲೇಬಾರದು. ಅದನ್ನು ಬದಲಾಯಿಸಬೇಕು, ಅಷ್ಟೇ. ಹೊರಗಿನದು ತೂತಾದಾಗ ಇಂಜಿನ್ ಕಾಯುವುದು ಅದೊಂದೇ. ನನ್ನ ಹುಡುಗ ಅದನ್ನೂ ಬಿಟ್ಟಿರಲಿಲ್ಲ.

ಹಾಗಾದರೆ ಬಿಚ್ಚುವುದು ಯಾವಾಗ? ಇಂಡಿಕೇಟರ್ ಕೆಂಪಾದಾಗ. ಡೀಸೆಲ್ ಗಾಡಿಗಳಲ್ಲಿ ಸಾಮಾನ್ಯವಾಗಿ ನೀರಿನ 25 ಇಂಚಿನಷ್ಟು ಎಳೆತ ಬಂದಾಗ ಅದು ಕೆಂಪಾಗುತ್ತದೆ. ಎಳನೀರಿಗೆ ಸ್ಟ್ರಾ ಹಾಕಿ 25 ಇಂಚು ಮೇಲಕ್ಕೆ ಎಳೆಯಬೇಕಾದರೆ ಎಷ್ಟು ಉಸಿರು ಬೇಕೋ ಅಷ್ಟು ಕಷ್ಟದಲ್ಲಿ ಇಂಜಿನ್ ಎಳೆಯುತ್ತಿದೆ ಅಂತ ಅರ್ಥ. ಅಲ್ಲಿಯ ತನಕ ಇಂಜಿನ್‌ಗೆ ತೊಂದರೆ ಇಲ್ಲ. ಇಂಡಿಕೇಟರ್ ಕೆಟ್ಟಿದೆ ಎನ್ನುವವರಿಗೆ ನನ್ನದು ಒಂದೇ ಉತ್ತರ: ಹೊಸದು ಹಾಕಿಸಿ. ಅದು ಇಲ್ಲ ಅಂತ ಕೈಗೆ ಕೆಲಸ ಕೊಡಬೇಡಿ. ಕೆಂಪಾದ ದಿನ ಧೂಳಿಲ್ಲದ ಜಾಗದಲ್ಲಿ ಗಾಡಿ ನಿಲ್ಲಿಸಿ ಹೊಸ ಫಿಲ್ಟರ್ ಹಾಕಿ. ಡಬ್ಬಿಯ ಒಳಗನ್ನು ಒದ್ದೆ ಬಟ್ಟೆಯಿಂದ ಒರೆಸಿ, ಬಡಿಯಬೇಡಿ.

ಧೂಳು ಒಳಗೆ ಬರದ ಹಾಗೆ ಮಾಡುವ ಕೆಲಸ ಹೊರಗೆ ಬೇಕಾದಷ್ಟಿದೆ. ಮುಂದಿನ ಗಾಡಿಯ ಬಾಲಕ್ಕೆ ಅಂಟಿಕೊಂಡು ಓಡಿಸಬೇಡಿ, ಅದರ ಧೂಳು ಸ್ವಲ್ಪ ಕೂರಲಿ. ಕ್ವಾರಿ ದಾರಿಗೆ ನೀರಿನ ಟ್ಯಾಂಕರ್ ಕೇಳಿ, ಜಗಳ ಮಾಡಿಯಾದರೂ ಕೇಳಿ. ಗಾಳಿ ಎಳೆಯುವ ಬಾಯಿ ಕ್ಯಾಬಿನ್ ಮೇಲೆ ಎತ್ತರದಲ್ಲಿರಲಿ, ನೆಲದ ಹತ್ತಿರದ ಗಾಳಿಯಲ್ಲಿ ಧೂಳು ಜಾಸ್ತಿ. ಅದಕ್ಕೆ ಪ್ರಿ-ಕ್ಲೀನರ್ ಕೂರಿಸಿದರೆ ಗಾಳಿ ಸುತ್ತಿ ದಪ್ಪ ಧೂಳನ್ನು ಬದಿಗೆ ಎಸೆಯುತ್ತದೆ, ಕಾಗದದ ಆಯಸ್ಸು ಜಾಸ್ತಿಯಾಗುತ್ತದೆ. ಮತ್ತೆ ಹೋಸ್ ಕ್ಲಿಪ್‌ಗಳು. ಅವನ್ನು ಹೊರಗಿನಿಂದಲೇ ಕೈ ಹಾಕಿ ತಿರುವಿ ನೋಡಬಹುದು, ಅದಕ್ಕೆ ಫಿಲ್ಟರ್ ಬಿಚ್ಚಬೇಕಾಗಿಲ್ಲ.

ನಮ್ಮ ಹುಡುಗ ಈಗಲೂ ಮುಂಜಾನೆ ಏರ್ ಕ್ಲೀನರ್ ಹತ್ತಿರ ಹೋಗುತ್ತಾನೆ. ಡಬ್ಬಿಯ ಕೆಳಗೆ ಎಮ್ಮೆಯ ತುಟಿಯ ಹಾಗೆ ಒಂದು ರಬ್ಬರ್ ಬಾಯಿ ಇದೆ. ಅದನ್ನು ಎರಡು ಬೆರಳಿನಲ್ಲಿ ಒತ್ತುತ್ತಾನೆ. ನಿನ್ನೆಯ ಧೂಳು ಅವನ ಅಂಗೈಗೆ ಬೀಳುತ್ತದೆ, ಕೆಲವು ದಿನ ಅರ್ಧ ಮುಷ್ಟಿ. ರಬ್ಬರ್ ಹರಿದಿಲ್ಲ, ಮತ್ತೆ ಮುಚ್ಚಿಕೊಂಡಿತು ಅಂತ ನೋಡುತ್ತಾನೆ. ಆಮೇಲೆ ಇಂಡಿಕೇಟರ್ ಕಡೆ ಬಗ್ಗಿ, ‘ಇನ್ನೂ ಕೆಂಪ ಬಂದಿಲ್ಲರೀ ಅಣ್ಣಾರ’ ಎಂದು ಕೂಗುತ್ತಾನೆ. ಈಗಿನ ಫಿಲ್ಟರ್ ಹಾಕಿ ಏಳು ವಾರ ಆಯಿತು.